ಬಿಳಿ ಬೋರ್ಡಿನ ವ್ಯಾನು ಮತ್ತು ಐವತ್ತರ ಷರತ್ತು

2023ರ ಸೆಪ್ಟೆಂಬರ್ ತಿಂಗಳಲ್ಲಿ ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಂಪಿ 1986ರಲ್ಲಿಯೂ, ಪಟ್ಟದಕಲ್ಲು 1987ರಲ್ಲಿಯೂ, ಪಶ್ಚಿಮ ಘಟ್ಟಗಳು 2012ರಲ್ಲಿಯೂ ಈ ಮನ್ನಣೆಗೆ ಪಾತ್ರವಾಗಿದ್ದವು. ಪ್ರವಾಸೋದ್ಯಮವನ್ನು ಕುರಿತ ಸಭೆ ಸಮಾರಂಭಗಳಲ್ಲಿ ಈ ಪಟ್ಟಿಯನ್ನು ಹೆಮ್ಮೆಯಿಂದ ಓದಲಾಗುತ್ತದೆ. ಪ್ರವಾಸಿಗನು ಅಲ್ಲಿಗೆ ತಲುಪುವ ಬಗೆ ಹೇಗೆಂಬ ಪ್ರಶ್ನೆ ಮಾತ್ರ ಊಟದ ವೇಳೆಗೆ ಮುಂದೂಡಲ್ಪಡುತ್ತದೆ. ಪಟ್ಟದಕಲ್ಲಿನಲ್ಲಿ ರೈಲು ನಿಲ್ದಾಣವಿಲ್ಲ, ಐಹೊಳೆಯಲ್ಲಿಯೂ ಇಲ್ಲ, ಹಳೇಬೀಡು, ಸೋಮನಾಥಪುರಗಳಲ್ಲಿಯೂ ಇಲ್ಲ. ಬಾದಾಮಿಯಲ್ಲಿ ರೈಲಿಳಿದವನು ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ. ರಸ್ತೆಯಲ್ಲಿಯೇ ಹೋಗಬೇಕು. ಹಂಪಿಯನ್ನು ನೋಡಿ ಬಾದಾಮಿಗೆ, ಅಲ್ಲಿಂದ ಮಲೆನಾಡಿಗಿಳಿದು ಜೋಗಕ್ಕೆ ಹೊರಟವನಿಗಂತೂ ಇಡೀ ಪ್ರಯಾಣವೇ ರಸ್ತೆಯದು.

ನಮ್ಮ ದೇಶದಲ್ಲಿ ಪ್ರವಾಸ ಹೊರಡುವವರು ಒಬ್ಬರಿಬ್ಬರಲ್ಲ. ಅಜ್ಜಿಯಿಂದ ಮೊಮ್ಮಗನವರೆಗೆ ಹತ್ತು ಹನ್ನೆರಡು ಜನ, ಜೊತೆಗೆ ಬುತ್ತಿಯ ಗಂಟು, ನೀರಿನ ಕ್ಯಾನು. ಈ ಲೆಕ್ಕಕ್ಕೆ ಒಂದು ಕಾರು ಸಾಲದು, ಬಸ್ಸು ಹೆಚ್ಚಾಗುತ್ತದೆ. ಹಿಂದೆ ಮೆಟಡಾರ್, 1987ರ ನಂತರ ಟೆಂಪೊ ಟ್ರಾವೆಲರ್ ಈ ನಡುವಿನ ಸ್ಥಾನವನ್ನು ತುಂಬುತ್ತ ಬಂದಿವೆ. ಜನರ ಬಾಯಲ್ಲಿ ಅದು ‘ಟಿ.ಟಿ.’. ಆದ್ದರಿಂದ ನಮ್ಮ ಪ್ರೇಕ್ಷಣೀಯ ಹಾಗೂ ಸಾಂಸ್ಕೃತಿಕ ತಾಣಗಳ ಆರ್ಥಿಕತೆಯು ಬಹುಮಟ್ಟಿಗೆ ವ್ಯಾನಿನ ಬಾಡಿಗೆಯನ್ನು ಅವಲಂಬಿಸಿದೆಯೆಂದರೆ ಅತಿಶಯೋಕ್ತಿಯಲ್ಲ. ಈ ಬಾಡಿಗೆಯ ವ್ಯವಹಾರದಲ್ಲಿ ನಮ್ಮ ಸದಸ್ಯರಲ್ಲಿ ಹಲವರು ತಿಳಿದೋ ತಿಳಿಯದೆಯೋ ತೊಡಗಿದ್ದಾರೆ. ಅವರು ಹೊತ್ತಿರುವ ಅಪಾಯವನ್ನೂ, ಅದಕ್ಕೆ ಕಾರಣವಾಗಿರುವ ಒಂದು ಹಳೆಯ ನಿಯಮವನ್ನೂ ಕುರಿತು ಬರೆಯುವುದು ಅಗತ್ಯವೆನಿಸಿತು.

ವ್ಯವಹಾರ ನಡೆಯುವ ರೀತಿ ಎಲ್ಲರಿಗೂ ಪರಿಚಿತ. ಕಾರ್ಖಾನೆಯ ಕೆಲಸಕ್ಕೆಂದೋ ಸ್ವಂತಕ್ಕೆಂದೋ ಕೊಂಡ ವ್ಯಾನು ವಾರದಲ್ಲಿ ಮೂರು ದಿನ ಸುಮ್ಮನೆ ನಿಂತಿರುತ್ತದೆ. ಪರಿಚಯಸ್ಥರು ಬಂದು, ‘ಸಾಹುಕಾರ್ರೆ, ನಾಲ್ಕು ದಿನಕ್ಕೆ ಗಾಡಿ ಕೊಡ್ರಿ, ಡೀಸೆಲ್ ನಾವೇ ಹಾಕ್ಕೋತೀವಿ, ದಿನಕ್ಕೆ ಇಷ್ಟು ಕೊಡ್ತೀವಿ’ ಎನ್ನುತ್ತಾರೆ. ಬೀಗದ ಕೈ ಕೈಬದಲಾಗುತ್ತದೆ. ರಸೀದಿಯಿಲ್ಲ, ಒಪ್ಪಂದವಿಲ್ಲ. ಬಂದ ಹಣ ಲೆಕ್ಕದ ಪುಸ್ತಕಕ್ಕೆ ಇಳಿಯುವುದು ವಿರಳ. ಇದಕ್ಕೆ ‘ಬಿಳಿ ಬೋರ್ಡಿನ ಬಾಡಿಗೆ’ ಎಂಬ ಹೆಸರೇ ರೂಢಿಯಲ್ಲಿದೆ.

ನನ್ನ ಕಕ್ಷಿದಾರರೊಬ್ಬರು ಹೀಗೆಯೇ ತಮ್ಮ ವ್ಯಾನನ್ನು ಕೊಟ್ಟಿದ್ದರು. ಅದು ಘಾಟಿಯಲ್ಲಿ ಅಪಘಾತಕ್ಕೀಡಾಗಿ ಎದುರಿನ ದ್ವಿಚಕ್ರ ಸವಾರನು ಗಾಯಗೊಂಡನು. ಬಾಡಿಗೆಗೆ ಪಡೆದವರು ಪೊಲೀಸರ ಮುಂದೆ ಕೊಟ್ಟ ಮೊಬೈಲ್ ಸಂದೇಶದಲ್ಲಿ ದಿನದ ದರವೇ ನಮೂದಾಗಿತ್ತು. ವಿಮಾ ಸಂಸ್ಥೆಗೆ ಅಷ್ಟು ಸಾಕಾಯಿತು. ಖಾಸಗಿ ವಾಹನದ ವಿಮಾ ಪತ್ರದಲ್ಲಿ ‘ಬಳಕೆಯ ಮಿತಿ’ ಎಂಬ ಒಂದು ಕಂಡಿಕೆಯಿರುತ್ತದೆ. ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಬಳಸಿದರೆ ರಕ್ಷಣೆಯಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ವ್ಯಾನಿನ ದುರಸ್ತಿಯ ಖರ್ಚು ಮಾಲೀಕರ ತಲೆಯ ಮೇಲೆಯೇ ಬಿತ್ತು. ಅದನ್ನಾದರೂ ತಡೆದುಕೊಳ್ಳಬಹುದು. ಮೂರನೆಯ ವ್ಯಕ್ತಿಗೆ ಕೊಡಬೇಕಾದ ಪರಿಹಾರದ ವಿಷಯ ಹೆಚ್ಚು ಗಂಭೀರವಾದುದು. ಇಂತಹ ಪ್ರಕರಣಗಳಲ್ಲಿ ನ್ಯಾಯಮಂಡಳಿಯು ವಿಮಾ ಸಂಸ್ಥೆಗೆ ‘ಮೊದಲು ಸಂತ್ರಸ್ತನಿಗೆ ಪಾವತಿಸಿ, ಬಳಿಕ ಮಾಲೀಕನಿಂದ ವಸೂಲು ಮಾಡಿಕೊಳ್ಳಿ’ ಎಂದು ಆದೇಶಿಸುವುದುಂಟು. ಆ ವಸೂಲಿಗೆ ಗರಿಷ್ಠ ಮಿತಿಯೆಂಬುದಿಲ್ಲ. ದಿನಕ್ಕೆ ಮೂರು ಸಾವಿರ ರೂಪಾಯಿಯ ಬಾಡಿಗೆಗಾಗಿ ಅಂಗಡಿ, ಗೋದಾಮು, ಮನೆಯನ್ನು ಪಣಕ್ಕಿಟ್ಟಂತೆ. ಮಾಲೀಕತ್ವದ ಸಂಸ್ಥೆಯಾದರೆ ವ್ಯಾಪಾರದ ಆಸ್ತಿ ಬೇರೆ, ಸ್ವಂತದ ಆಸ್ತಿ ಬೇರೆ ಎಂಬ ಭೇದವೂ ಇರುವುದಿಲ್ಲ.

ರಹದಾರಿಯಿಲ್ಲದೆ ಬಾಡಿಗೆಗೆ ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ, 2019ರ ತಿದ್ದುಪಡಿಯ ನಂತರ, ಮೊದಲ ಬಾರಿಗೇ 10,000 ರೂ. ದಂಡ ಹಾಗೂ ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ವಿಮೆಯಿಲ್ಲದ ಹೊಣೆಯ ಮುಂದೆ ಇದು ಅಲ್ಪವೇ.

ಹಾಗಾದರೆ ಕಾನೂನುಬದ್ಧವಾಗಿ ಚಾಲಕನಿಲ್ಲದೆ ವಾಹನವನ್ನು ಅಲ್ಪಾವಧಿಗೆ ಕೊಡಲು ಮಾರ್ಗವೇ ಇಲ್ಲವೆ? ಇದೆ. ಕಾಯ್ದೆಯ 75ನೆಯ ಪ್ರಕರಣದ ಅಡಿಯಲ್ಲಿ ಕೇಂದ್ರ ಸರ್ಕಾರವು 1989ರಲ್ಲಿ ‘ರೆಂಟ್ ಎ ಕ್ಯಾಬ್’ ಯೋಜನೆಯನ್ನು ರೂಪಿಸಿತು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವ ವಾಹನಗಳನ್ನು ನಗರಗಳಲ್ಲಿ ನೀವು ನೋಡಿರಬಹುದು. ಅವು ಈ ಯೋಜನೆಯವು. ಪ್ರವಾಸಿಗನೇ ಓಡಿಸಿಕೊಂಡು ಹೋಗಲು ಅವುಗಳನ್ನು ಕೊಡಬಹುದು. ಆದರೆ ಪರವಾನಗಿ ಬೇಕಾದರೆ ಅರ್ಜಿದಾರನ ಬಳಿ ಕನಿಷ್ಠ 50 ಕ್ಯಾಬುಗಳಿರಬೇಕು, ಅವುಗಳಲ್ಲಿ ಅರ್ಧದಷ್ಟಾದರೂ ಹವಾನಿಯಂತ್ರಿತವಾಗಿರಬೇಕು, ಪ್ರವಾಸಿ ರಹದಾರಿಗಳನ್ನು ಹೊಂದಿರಬೇಕು. ಐವತ್ತು! ಹೊಸಪೇಟೆಯಲ್ಲಿಯಾಗಲಿ ಬಾದಾಮಿಯಲ್ಲಿಯಾಗಲಿ ಐವತ್ತು ವಾಹನಗಳ ಬಂಡವಾಳ ಹೂಡುವ ವ್ಯಾಪಾರಿ ಎಷ್ಟು ಜನ ಸಿಕ್ಕಾರು? ಒಂದೊಂದಕ್ಕೆ ಹತ್ತು ಲಕ್ಷವೆಂದರೂ ಐದು ಕೋಟಿ ರೂಪಾಯಿ. ಅಷ್ಟು ಬಂಡವಾಳವುಳ್ಳವನು ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ ನಿಲ್ಲುತ್ತಾನೆಯೇ ಹೊರತು ಬಾದಾಮಿ ರೈಲು ನಿಲ್ದಾಣದ ಮುಂದೆ ನಿಲ್ಲಲಾರ.

ಇನ್ನೂ ಸೋಜಿಗದ ಸಂಗತಿಯೆಂದರೆ, ಇದೇ ಸರ್ಕಾರ 1997ರಲ್ಲಿ ಮೋಟಾರು ಸೈಕಲ್‌ಗಳನ್ನು ಬಾಡಿಗೆಗೆ ಕೊಡುವ ಯೋಜನೆಯನ್ನು ತಂದಾಗ ಕನಿಷ್ಠ ಸಂಖ್ಯೆಯನ್ನು ಐದಕ್ಕೆ ನಿಗದಿಪಡಿಸಿತು. ಬೈಕುಗಳಿಗೆ ಐದು ಸಾಕೆಂದ ಕೈ ಕಾರುಗಳಿಗೆ ಐವತ್ತು ಬೇಕೆಂದಿತು. ಬಂಡವಾಳದ ದೃಷ್ಟಿಯಿಂದ ನೋಡಿದರೆ ಲೆಕ್ಕ ತಿರುಗುಮುರುಗಾಗಿದೆ.

ವ್ಯಾನಿನ ವಿಷಯದಲ್ಲಿ ಮತ್ತೊಂದು ತೊಡಕಿದೆ. 75ನೆಯ ಪ್ರಕರಣವು ಹೇಳುವುದು ‘ಮೋಟಾರು ಕ್ಯಾಬ್’ ಮತ್ತು ಮೋಟಾರು ಸೈಕಲ್‌ಗಳ ಬಗ್ಗೆ ಮಾತ್ರ. ಕಾಯ್ದೆಯ ವ್ಯಾಖ್ಯೆಯಂತೆ ಮೋಟಾರು ಕ್ಯಾಬ್ ಎಂದರೆ ಚಾಲಕನನ್ನು ಬಿಟ್ಟು ಆರು ಜನರಿಗೆ ಮೀರದ ವಾಹನ. ಏಳರಿಂದ ಹನ್ನೆರಡು ಪ್ರಯಾಣಿಕರವರೆಗಿನದು ‘ಮ್ಯಾಕ್ಸಿಕ್ಯಾಬ್’. ಅರ್ಥಾತ್, ನಮ್ಮ ಕುಟುಂಬಗಳು ನಿಜವಾಗಿ ಬಯಸುವ ಹನ್ನೆರಡು ಸೀಟಿನ ವ್ಯಾನನ್ನು ಐವತ್ತಲ್ಲ, ಐನೂರು ಇದ್ದರೂ ಈ ಯೋಜನೆಯಡಿ ಚಾಲಕನಿಲ್ಲದೆ ಕೊಡುವಂತಿಲ್ಲ. ಬೇಡಿಕೆಯಿದೆ, ವಾಹನವಿದೆ, ನ್ಯಾಯವಾದ ಬಾಗಿಲು ಮಾತ್ರ ಇಲ್ಲ. ಬಿಳಿ ಬೋರ್ಡಿನ ವ್ಯವಹಾರ ಬೆಳೆದಿರುವುದು ಈ ಸಂದಿಯಲ್ಲಿ.

ಐವತ್ತರ ಮಿತಿಯನ್ನು ಸಮರ್ಥಿಸುವವರ ವಾದವನ್ನು ಕೇಳದೆ ಬಿಡಲಾಗದು. ಸಣ್ಣ ಮಾಲೀಕನಿಂದ ವಾಹನ ಪಡೆದವರು ಅದನ್ನು ಅಪರಾಧಕ್ಕೆ ಬಳಸಬಹುದು, ಗುರುತು ಪತ್ತೆ ಕಷ್ಟವಾಗಬಹುದು ಎಂಬುದೊಂದು. 1989ರಲ್ಲಿ ಈ ವಾದಕ್ಕೆ ಬಲವಿತ್ತು. ಅಂದು ಚಾಲನಾ ಪರವಾನಗಿಯೆಂದರೆ ಕೈಬರಹದ ಚಿಕ್ಕ ಪುಸ್ತಕ. ಇಂದು ಪರವಾನಗಿಯನ್ನು ಮೊಬೈಲಿನಲ್ಲಿಯೇ ಸರ್ಕಾರದ ದಾಖಲೆಯೊಡನೆ ತಾಳೆ ನೋಡಬಹುದು, ವಾಹನದ ಚಲನವಲನವನ್ನು ಜಿಪಿಎಸ್ ಮೂಲಕ ಗಮನಿಸಬಹುದು. ಮೇಲಾಗಿ ಬಿಳಿ ಬೋರ್ಡಿನಲ್ಲಿ ಯಾವ ದಾಖಲೆಯೂ ಇಲ್ಲದೆ ವಾಹನ ಹೋಗುತ್ತಿರುವುದಕ್ಕಿಂತ ಐದು ವಾಹನದ ಮಾಲೀಕ ನೋಂದಣಿ ಪುಸ್ತಕವಿಟ್ಟು ಕೊಡುವುದು ಪೊಲೀಸರಿಗೂ ಅನುಕೂಲವೇ.

ಎರಡನೆಯ ಆಕ್ಷೇಪ ಹಳದಿ ಬೋರ್ಡಿನ ಚಾಲಕ ಮಾಲೀಕರದು. ಇದು ನ್ಯಾಯವಾದ ಆಕ್ಷೇಪ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾಗಿ ಮಹಿಳೆಯರಿಗೆ ಸಾರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತ ಬಳಿಕ ಖಾಸಗಿ ವಾಹನದವರು ತಮ್ಮ ಸಂಪಾದನೆ ಕುಸಿಯಿತೆಂದು ಅದೇ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಬಂದ್ ನಡೆಸಿದ್ದನ್ನು ನಾವು ಮರೆಯಬಾರದು. ತೆರಿಗೆ, ರಹದಾರಿ, ಅರ್ಹತಾ ಪತ್ರ, ವಾಣಿಜ್ಯ ವಿಮೆ ಎಲ್ಲವನ್ನೂ ತೆತ್ತವನ ಪಕ್ಕದಲ್ಲಿ ಏನನ್ನೂ ತೆರದವನು ಅರ್ಧ ದರಕ್ಕೆ ಗಾಡಿ ಕೊಟ್ಟರೆ ಹೊಟ್ಟೆ ಉರಿಯದೆ ಇದ್ದೀತೆ? ಆದರೆ ಅವರ ನಿಜವಾದ ಪ್ರತಿಸ್ಪರ್ಧಿ ಪರವಾನಗಿ ಪಡೆದ ಸಣ್ಣ ಗುತ್ತಿಗೆದಾರನಲ್ಲ, ಏನನ್ನೂ ತೆರದ ಬಿಳಿ ಬೋರ್ಡಿನವನು. ಎರಡನೆಯವನನ್ನು ಮೊದಲನೆಯವನನ್ನಾಗಿ ಮಾಡಿದರೆ ಹಳದಿ ಬೋರ್ಡಿನವರಿಗೂ ಸಮನಾದ ಕಣ ದೊರಕುತ್ತದೆ.

ಪರವಾನಗಿಯ ಕುರಿತು ಒಂದು ಸಮಾಧಾನದ ಬೆಳವಣಿಗೆಯಿದೆ. 2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಲಘು ಮೋಟಾರು ವಾಹನದ ಪರವಾನಗಿ ಉಳ್ಳವನು 7,500 ಕೆ.ಜಿ.ಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನವನ್ನು ಬೇರೆ ನಮೂದಿಲ್ಲದೆಯೇ ಓಡಿಸಬಹುದೆಂದು ತೀರ್ಪಿತ್ತಿದೆ. ಹನ್ನೆರಡು ಸೀಟಿನ ವ್ಯಾನು ಈ ತೂಕದೊಳಗೇ ಬರುತ್ತದೆ. ಪರವಾನಗಿಯಲ್ಲಿ ‘ಸಾರಿಗೆ’ ಎಂಬ ನಮೂದು ಇಲ್ಲವೆಂಬ ಒಂದೇ ಕಾರಣಕ್ಕೆ ವಿಮಾ ಸಂಸ್ಥೆಗಳು ಹೂಡುತ್ತಿದ್ದ ತಕರಾರಿಗೆ ಇದರಿಂದ ತೆರೆ ಬಿದ್ದಿದೆ. ರಹದಾರಿಯೇ ಇಲ್ಲದ ಬಿಳಿ ಬೋರ್ಡಿಗೆ ಈ ತೀರ್ಪು ರಕ್ಷಣೆ ನೀಡುವುದೆಂದು ಮಾತ್ರ ಯಾರೂ ಭಾವಿಸಬಾರದು.

ನಿಯಮ ಬದಲಾಗುವವರೆಗೆ ಈ ವ್ಯವಹಾರದಲ್ಲಿ ಆಸಕ್ತಿಯುಳ್ಳವರು ಹಳದಿ ಬೋರ್ಡಿನ ವ್ಯಾನು ಕೊಂಡು, ಚಾಲಕನೊಡನೆಯೇ ಬಾಡಿಗೆಗೆ ಕೊಡುವುದು ಸುರಕ್ಷಿತ. ಆದರೆ ಅದು ಲಾಭದಾಯಕವೆ? ಅಂದಾಜು ಅಂಕಿಗಳನ್ನಿಟ್ಟು ನೋಡೋಣ. ನಿಮ್ಮ ಊರಿನ ದರಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ವ್ಯಾನಿನ ಬೆಲೆ 18 ಲಕ್ಷ, ಸ್ವಂತ ಹಣ 3 ಲಕ್ಷ, ಉಳಿದ 15 ಲಕ್ಷಕ್ಕೆ ಶೇ 10ರ ಬಡ್ಡಿಯಲ್ಲಿ ಐದು ವರ್ಷದ ಸಾಲ. ಮಾಸಿಕ ಕಂತು 31,871 ರೂ., ವರ್ಷಕ್ಕೆ 3,82,452. ವಿಮೆ, ತೆರಿಗೆ, ರಹದಾರಿ, ಅರ್ಹತಾ ಪತ್ರಗಳಿಗೆ 1,20,000. ಚಾಲಕನ ಸಂಬಳ 2,40,000. ಗಾಡಿ ಓಡಲಿ ಬಿಡಲಿ, ಒಟ್ಟು 7,42,452 ರೂ. ತೆರಲೇಬೇಕು. ಇನ್ನು ಆದಾಯ: ಕಿ.ಮೀ.ಗೆ 22 ರೂ. ದರ, ದಿನಕ್ಕೆ 300 ಕಿ.ಮೀ. ಎಂದರೆ 6,600. ಇಂಧನಕ್ಕೆ ಕಿ.ಮೀ.ಗೆ 9, ಟೈರು ಹಾಗೂ ದುರಸ್ತಿಗೆ 3 ಕಳೆದರೆ ದಿನಕ್ಕೆ ಉಳಿಯುವುದು 3,000. ಸ್ಥಿರ ಖರ್ಚನ್ನು ಸರಿದೂಗಿಸಲು ವರ್ಷದಲ್ಲಿ 248 ದಿನ ಗಾಡಿ ಓಡಬೇಕು.

ಹಂಪಿ ಬಾದಾಮಿ ಭಾಗದಲ್ಲಿ ಪ್ರವಾಸದ ಹಂಗಾಮು ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ. ಏಪ್ರಿಲ್ ಬಿಸಿಲಿನಲ್ಲಿ ಹಂಪಿಯ ಬಂಡೆಗಳ ಮೇಲೆ ನಡೆಯಲು ಯಾರು ಬರುತ್ತಾರೆ? ಐದು ತಿಂಗಳಲ್ಲಿ ಪ್ರತಿದಿನ ಓಡಿದರೂ 150 ದಿನ. ಉಳಿಯುವುದು 4,50,000, ಕೊರತೆ 2,92,452. ಇದರಲ್ಲಿ ಮೊದಲ ವರ್ಷ ಸುಮಾರು 2,43,000 ರೂ. ಅಸಲು ತೀರುವಳಿಯೆಂಬುದು ನಿಜ. ಆದರೆ ಬ್ಯಾಂಕಿಗೆ ಕಟ್ಟುವಾಗ ಅಸಲಿಗೂ ಬಡ್ಡಿಗೂ ಒಂದೇ ಜೇಬು.

ಅಲ್ಪಾವಧಿ ಗುತ್ತಿಗೆಯ ಪ್ರಯೋಜನ ಇಲ್ಲಿ ಕಾಣುತ್ತದೆ. ನಮ್ಮ ದೇಶದ ವಿಶೇಷವೆಂದರೆ ಎಲ್ಲ ತಾಣಗಳ ಹಂಗಾಮು ಒಂದೇ ಕಾಲಕ್ಕೆ ಬರುವುದಿಲ್ಲ. ಜೋಗದ ಶರಾವತಿ 253 ಮೀಟರ್ ಎತ್ತರದಿಂದ ಮೈದುಂಬಿ ಧುಮುಕುವುದು ಮಳೆಗಾಲದಲ್ಲಿ; ಆಗ ಹಂಪಿಯ ವ್ಯಾನು ಖಾಲಿ. ಆಷಾಢ ಏಕಾದಶಿಗೆ ಪಂಢರಪುರ, ಶ್ರಾವಣದಲ್ಲಿ ರಾಯರ ಆರಾಧನೆಗೆ ಮಂತ್ರಾಲಯ, ಶರನ್ನವರಾತ್ರಿಗೆ ಮೈಸೂರು ದಸರಾ, ನವೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯವರೆಗೆ ಶಬರಿಮಲೆ, ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ಜಾತ್ರೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡ, ಹೀಗೆ ಬೇಡಿಕೆಯು ಊರಿಂದೂರಿಗೆ ಸಾಗುತ್ತದೆ. ನಮ್ಮ ಹಿರಿಯರ ಪಂಚಾಂಗವೇ ಒಂದು ಒಳ್ಳೆಯ ವಾಹನ ನಿಯೋಜನಾ ಪಟ್ಟಿ. ಹೊಸಪೇಟೆಯವನು ಜುಲೈಯಿಂದ ಸೆಪ್ಟೆಂಬರ್‌ವರೆಗೆ ತನ್ನ ವ್ಯಾನನ್ನು ಚಾಲಕನ ಸಮೇತ ಸಾಗರದ ಪ್ರವಾಸಿ ಸಂಸ್ಥೆಗೆ, ಇಂಧನ ಅವರದೆಂಬ ಷರತ್ತಿನ ಮೇಲೆ, ತಿಂಗಳಿಗೆ 80,000 ರೂ.ಗೆ ಕೊಟ್ಟನೆನ್ನಿ. ದುರಸ್ತಿಗೆ ತಿಂಗಳಿಗೆ 12,000 ಕಳೆದರೂ ಮೂರು ತಿಂಗಳಿಗೆ 2,04,000 ಕೈಸೇರುತ್ತದೆ. ಕೊರತೆ 88,452ಕ್ಕೆ ಇಳಿಯುತ್ತದೆ. ಬೇಸಗೆಯ ಮದುವೆ ದಿಬ್ಬಣಗಳ ಮೂವತ್ತು ದಿನ ಸಿಕ್ಕರೆ ಅದೂ ಸರಿಹೋಗುತ್ತದೆ. ಗುತ್ತಿಗೆಯಿಲ್ಲದೆ ಈ ಲೆಕ್ಕ ಎಂದಿಗೂ ಕೂಡಿಬರದು.

ಖಾಲಿ ಮರಳುವ ಗಾಡಿಯದು ಇನ್ನೊಂದು ನಷ್ಟ. ನಮ್ಮಲ್ಲಿ ಒಂದೇ ಕಡೆಯ ಪ್ರಯಾಣಕ್ಕೂ ಗ್ರಾಹಕನಿಂದ ಎರಡೂ ಕಡೆಯ ಬಾಡಿಗೆ ಪಡೆಯುವ ರೂಢಿ. ನ್ಯೂಜಿಲೆಂಡ್‌ನಲ್ಲಿ ಪ್ರವಾಸಿಗರು ಆಕ್ಲೆಂಡ್‌ನಲ್ಲಿ ವ್ಯಾನು ಪಡೆದು ದಕ್ಷಿಣ ದ್ವೀಪದ ಕ್ರೈಸ್ಟ್‌ಚರ್ಚ್, ಕ್ವೀನ್ಸ್‌ಟೌನ್‌ಗಳಲ್ಲಿ ಬಿಟ್ಟು ಹೋಗುವುದು ಹೆಚ್ಚು. ಅಲ್ಲಿ ಗುಂಪುಗೂಡಿದ ವ್ಯಾನುಗಳನ್ನು ಮರಳಿ ತರಿಸಲು ಬಾಡಿಗೆ ಸಂಸ್ಥೆಗಳು ದಿನಕ್ಕೆ ಒಂದು ಡಾಲರ್‌ನಂತಹ ನಾಮಮಾತ್ರದ ದರಕ್ಕೆ ಬೇರೆ ಪ್ರವಾಸಿಗರಿಗೆ ಕೊಡುತ್ತವೆ. ಚಾಲಕನ ಸಂಬಳವೂ ಉಳಿಯಿತು, ಪ್ರವಾಸಿಗನಿಗೂ ಅಗ್ಗದ ಪ್ರವಾಸವಾಯಿತು. ಮಂಗಳೂರಿನಿಂದ ಹುಬ್ಬಳ್ಳಿಗೆ ಬರಿದೆ ಬರುವ ಟಿ.ಟಿ.ಗಳ ಮಾಲೀಕರು ಒಂದು ಸಾಮಾನ್ಯ ಪಟ್ಟಿಯನ್ನಿಟ್ಟುಕೊಂಡು ಮರುಪ್ರಯಾಣಕ್ಕೆ ಗುಂಪುಗಳನ್ನು ಹೊಂದಿಸಿದರೆ ಅರ್ಧ ದರ ಸಿಕ್ಕರೂ ಲಾಭವೇ.

ತೆರಿಗೆಯ ಕೆಲವು ಅಂಶಗಳನ್ನು ನನ್ನ ವೃತ್ತಿಧರ್ಮದಂತೆ ಹೇಳಬೇಕು. ಒಂಟಿ ವ್ಯಾನಿನ ವಹಿವಾಟು 20 ಲಕ್ಷದೊಳಗಿದೆ, ಜಿಎಸ್‌ಟಿ ನೋಂದಣಿ ಬೇಡ ಎಂದು ಹಲವರು ನಂಬಿದ್ದಾರೆ. ಅಂಗಡಿಗೆ ಈಗಾಗಲೇ ನೋಂದಣಿ ಪಡೆದಿರುವ ಮಾಲೀಕನು ಅದೇ ಪ್ಯಾನ್ ಸಂಖ್ಯೆಯಲ್ಲಿ ವ್ಯಾನು ಬಾಡಿಗೆಗೆ ಕೊಟ್ಟರೆ ಮೊದಲ ರೂಪಾಯಿಯಿಂದಲೇ ತೆರಿಗೆ ಅನ್ವಯಿಸುತ್ತದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವ್ಯಾಪಾರಿಗೆ ಸೇವೆಗಳ ಮಿತಿ ಹಿಂದಿನ ವರ್ಷದ ವಹಿವಾಟಿನ ಶೇ 10 ಅಥವಾ 5 ಲಕ್ಷ, ಯಾವುದು ಹೆಚ್ಚೋ ಅದು. ಬಾಡಿಗೆ ಅದನ್ನು ಮೀರಿದರೆ ಅಂಗಡಿಯ ರಾಜಿ ಸೌಲಭ್ಯವೇ ಕೈತಪ್ಪುತ್ತದೆ. ಇಂಧನ ಸೇರಿದ ಬಾಡಿಗೆಗೆ ಶೇ 5 ವಿಧಿಸಿದರೆ ಅದೇ ವ್ಯವಹಾರದ ಬಾಡಿಗೆ ಸೇವೆಗಳನ್ನು ಬಿಟ್ಟು ಬೇರೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಪೂರ್ಣ ಕ್ರೆಡಿಟ್ ಬೇಕೆಂದವರ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 18 ಮಾಡಲಾಗಿದೆ. ಅದೇ ದಿನದಿಂದ ಹತ್ತು ಅಥವಾ ಹೆಚ್ಚು ಜನರ ವಾಹನದ ಖರೀದಿಯ ಮೇಲಿನ ದರ ಶೇ 28ರಿಂದ 18ಕ್ಕೆ ಇಳಿದಿದೆಯೆಂಬುದನ್ನೂ ಗಮನಿಸಿ.

ಕಾರ್ಖಾನೆಯವರು ಕಾರ್ಮಿಕರನ್ನೋ ಗ್ರಾಹಕರನ್ನೋ ಕರೆತರಲು ವ್ಯಾನನ್ನು ಬಾಡಿಗೆಗೆ ಪಡೆಯುವಾಗ ಸೀಟುಗಳನ್ನು ಎಣಿಸಲಿ. ಚಾಲಕನೂ ಸೇರಿ 13 ಜನರಿಗೆ ಮೀರದ ವಾಹನವಾದರೆ ತೆತ್ತ ತೆರಿಗೆಗೆ ಸಾಮಾನ್ಯವಾಗಿ ಕ್ರೆಡಿಟ್ ದೊರೆಯದು. ಅದಕ್ಕೂ ದೊಡ್ಡದಾದರೆ ಈ ತಡೆ ಇಲ್ಲ. ಒಂದೆರಡು ಸೀಟುಗಳ ಅಂತರದಲ್ಲಿ ವರ್ಷದ ಕ್ರೆಡಿಟ್ ಉಳಿದುದನ್ನೂ ಕಳೆದುದನ್ನೂ ನಾನು ಕಂಡಿದ್ದೇನೆ.

ಗುತ್ತಿಗೆಯ ಪತ್ರವನ್ನು ಬಾಯಿಮಾತಿಗೆ ಬಿಡಬಾರದು. ಚಾಲಕನ ಸಮೇತ ಕೊಡುವಾಗ ರಹದಾರಿ, ವಿಮೆ, ಚಾಲಕ ಎಲ್ಲವೂ ಮಾಲೀಕನದೇ ಎಂದು ಬರೆದುಕೊಳ್ಳಬೇಕು. ವಾಹನವನ್ನೇ ವಶಕ್ಕೆ ಕೊಡುವ ಗುತ್ತಿಗೆಯಾದರೆ ಅದು ಆರ್‌ಸಿಯಲ್ಲಿ ನಮೂದಾಗಬೇಕು. ನಮೂದಾಗದ ಗುತ್ತಿಗೆಯನ್ನು ತೋರಿಸಿ ಅಪಘಾತದ ಹೊಣೆಯಿಂದ ನುಣುಚಿಕೊಳ್ಳಲು ನೋಂದಾಯಿತ ಮಾಲೀಕನಿಗೆ ಸುಲಭವಿಲ್ಲ. ಮೂರು ತಿಂಗಳ ಗುತ್ತಿಗೆಗೆ ನಮೂದು ಮಾಡಿಸಿ, ಮತ್ತೆ ತೆಗೆಸಲು ಆರ್‌ಟಿಓ ಕಚೇರಿಗೆ ಎಡತಾಕುವಷ್ಟರಲ್ಲಿ ಹಂಗಾಮೇ ಮುಗಿದಿರುತ್ತದೆ ಎಂಬ ದೂರು ಸುಳ್ಳಲ್ಲ.

ಆದ್ದರಿಂದ ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಮನವಿಯೊಂದನ್ನು ಸಲ್ಲಿಸಬೇಕೆಂದು ನನ್ನ ಸಲಹೆ. ರೆಂಟ್ ಎ ಕ್ಯಾಬ್ ಯೋಜನೆಯ ಕನಿಷ್ಠ ಸಂಖ್ಯೆಯನ್ನು ಐವತ್ತರಿಂದ ಐದಕ್ಕೆ ಇಳಿಸುವುದಕ್ಕೆ ಅಧಿಸೂಚನೆ ಸಾಕು. ಮ್ಯಾಕ್ಸಿಕ್ಯಾಬ್‌ಗಳನ್ನು ಸೇರಿಸಲು ಕಾಯ್ದೆಯ ತಿದ್ದುಪಡಿಯೇ ಬೇಕಾದೀತು, ಅದು ತಡವಾಗುತ್ತದೆ. ಎರಡನ್ನೂ ಒಂದೇ ಮನವಿಯಲ್ಲಿ ಕಟ್ಟಿ ಮೊದಲನೆಯದನ್ನೂ ಕೆಡಿಸಿಕೊಳ್ಳುವುದು ಬೇಡ. ಅಲ್ಪಾವಧಿ ಗುತ್ತಿಗೆಯ ನಮೂದನ್ನು ಆನ್‌ಲೈನ್ ಮೂಲಕ ಒಂದೇ ದಿನದಲ್ಲಿ ಮಾಡಿಕೊಡುವಂತೆ ರಾಜ್ಯದ ಸಾರಿಗೆ ಇಲಾಖೆಯನ್ನು ಪ್ರತ್ಯೇಕವಾಗಿ ಕೋರಬಹುದು. ಮನವಿಗೆ ತೂಕ ಬರಬೇಕಾದರೆ ಅಂಕಿ ಅಂಶ ಬೇಕು. ಎಷ್ಟು ಸದಸ್ಯರಲ್ಲಿ ಎಷ್ಟು ಸೀಟಿನ ವ್ಯಾನುಗಳಿವೆ, ವರ್ಷದಲ್ಲಿ ಎಷ್ಟು ದಿನ ನಿಂತಿರುತ್ತವೆ, ಯಾವ ಫಲಕದವು ಎಂಬುದನ್ನು ಹೆಸರಿಲ್ಲದೆಯೇ ಒಂದು ಕಾಗದದಲ್ಲಿ ಬರೆದು ಸದಸ್ಯ ಬಾಂಧವರು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯೊಳಗೆ ಕಚೇರಿಗೆ ತಲುಪಿಸಿದರೆ, ಅದನ್ನು ಕ್ರೋಡೀಕರಿಸಿ ಕೊಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.